ಸುಮ್ಮನಾದ ಹಲ್ಲಿ

ಟಿಚ್, ಟಿಚ್, ಟಿಚ್. ಸ್ವಲ್ಪ ತಡೆದು ಮತ್ತೆ ಮೂರು ಸಲ.

ರಾತ್ರಿ ಒಂದು ಗಂಟೆಯಾಗಿತ್ತು. ಸಗರದ ಆ ಕೇರಿಯಲ್ಲಿ ನಾಯಿಗಳೂ ಬೊಗಳುವ ಉಸಾಬರಿ ಬಿಟ್ಟು ಬಚ್ಚಲ ಹಸಿಯಲ್ಲಿ ಹೊಟ್ಟೆ ಹಚ್ಚಿ ಬಿದ್ದುಕೊಂಡಿದ್ದವು. ಅಂಗಳದಲ್ಲಿ ತಾಯಿಯ ಪಕ್ಕ ಚಾಪೆ ಹಾಸಿ ಮಲಗಿದ್ದ ಮಲ್ಲೇಶ್ವರಿಗೆ ಮಾತ್ರ ಆ ಸದ್ದು ಯಾರೋ ಕಿವಿಯೊಳಗೆ ಉಗುರಿನಿಂದ ತಟ್ಟಿದ ಹಾಗೆ ಕೇಳಿಸಿತು. ಎದ್ದು ಕೂತು ದಿಂಬಿನ ಕೆಳಗಿನ ಫೋನು ತೆಗೆದಳು. ಹದಿನಾಲ್ಕು ಮನೆಗಳ ಪಟ್ಟಿಯಲ್ಲಿ ಒಂಬತ್ತನೆಯ ಮನೆ ಕೆಂಪಗಿತ್ತು. ಮೂವತ್ತೇಳು ಪಾಯಿಂಟ್ ಎರಡು. ಅದು ಎದುರಿನ ಸುಂದ್ರಮ್ಮನ ಮನೆ.

ಆ ಬೇಸಿಗೆಯಲ್ಲಿ ಯಾದಗಿರಿಯ ಒಂದು ಸಂಸ್ಥೆ ಕೇರಿಯ ನಲವತ್ತೆರಡು ತಗಡಿನ ಮನೆಗಳಲ್ಲಿ ಹದಿನಾಲ್ಕರ ಗೋಡೆಗೆ ಅಂಗೈ ಅಗಲದ ಬಿಳಿ ಪೆಟ್ಟಿಗೆಗಳನ್ನು ತೂಗುಹಾಕಿತ್ತು. ಮನೆಯೊಳಗಿನ ಬಿಸಿಯನ್ನು ಹತ್ತು ಹತ್ತು ನಿಮಿಷಕ್ಕೆ ಅಳೆದು ಫೋನಿಗೆ ಕಳಿಸುವುದು ಅವುಗಳ ಕೆಲಸ. ವಯಸ್ಸಾದವರು, ರೋಗಿಗಳು ಇದ್ದ ಮೂರು ಮನೆಗಳ ಪೆಟ್ಟಿಗೆಗೆ ಬಾಯಿಯೂ ಇತ್ತು. ಹಗಲು ನಲವತ್ತೆರಡು ಡಿಗ್ರಿ ದಾಟಿದರೆ, ರಾತ್ರಿ ಹತ್ತರ ಮೇಲೆ ಮೂವತ್ತೈದು ದಾಟಿದರೆ ಅವು ಟಿಚ್ ಟಿಚ್ ಎನ್ನುತ್ತಿದ್ದವು. ಹಗಲಿನ ಗದ್ದಲದಲ್ಲಿ ಯಾರೂ ಕಿವಿಗೊಡುತ್ತಿರಲಿಲ್ಲ. ರಾತ್ರಿ ಸದ್ದಾದರೆ ಸಂಸ್ಥೆ ನೇಮಿಸಿದ್ದ ಮಲ್ಲೇಶ್ವರಿ ಎದ್ದು ಹೋಗಬೇಕು, ಆ ಮನೆಯ ರೋಗಿಯನ್ನು ಸಾಲಿಯ ದೊಡ್ಡ ಕೋಣೆಗೆ ಕರೆದೊಯ್ಯಬೇಕು. ಅಲ್ಲಿ ಕಲ್ಲು ಚಪ್ಪಡಿಯ ಮಾಳಿಗೆ, ಒಂದು ಕೂಲರು, ಕಿಟಕಿಗಳಿಗೆ ಹಸಿ ಗೋಣಿತಟ್ಟು. ಸದ್ದು ನಿಲ್ಲಿಸುವ ಗುಂಡಿ ಪೆಟ್ಟಿಗೆಗೆ ಇರಲಿಲ್ಲ. ಇಟ್ಟರೆ ಜನ ಮೊದಲು ಅದನ್ನೇ ಒತ್ತುತ್ತಾರೆಂದು ಮಾಡಿದವರಿಗೆ ಗೊತ್ತಿತ್ತು.

ಕೇರಿಯವರು ಅದಕ್ಕೆ ಹಲ್ಲಿ ಎಂದು ಹೆಸರಿಟ್ಟಿದ್ದರು. ಗೋಡೆಗೆ ಅಂಟಿಕೊಂಡಿರುತ್ತದೆ, ಲೊಚಗುಡುತ್ತದೆ, ಮತ್ತೇನು ಬೇಕು? ಆಡಿದ ಮಾತಿನ ಬೆನ್ನಿಗೇ ಹಲ್ಲಿ ನುಡಿದರೆ ಆ ಮಾತು ಖರೇ ಎಂದು ಊರಿನ ನಂಬಿಕೆ. ಯಾರಾದರೂ ಜಂಬ ಕೊಚ್ಚುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಟಿಚ್ ಎಂದರೆ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಮಲ್ಲೇಶ್ವರಿ ಬಾಗಿಲು ತಟ್ಟುವ ಮೊದಲೇ ಒಳಗಿನಿಂದ ಸುಂದ್ರಮ್ಮನ ಗಂಡ ಹಣಮಂತ್ರಾಯನ ದನಿ ಬಂತು.

"ಬಂದಳು ನೋಡು. ಮನಷ್ಯಾರು ಕರದ್ರ ಬರಂಗಿಲ್ಲ, ಹಲ್ಲಿ ಕರದ್ರ ಓಡಿ ಬರ್ತಾಳ."

"ಕಾಕಾ, ಮೂವತ್ತೇಳು ಆಗ್ಯಾದ. ಸಾಲಿಗೆ ಹೋಗಮು ನಡೀರಿ."

"ಸಾಲಿಗಾ? ನಮ್ಮವ್ವ ಕೋಲು ಹಿಡಕೊಂಡು ಬಡದ್ರೂ ಹೋದಾವ ಅಲ್ಲ ನಾ. ಈಗ ಅರವತ್ತೇಳಕ್ಕ ಹೆಸರು ಹಚ್ಚತೀಯೇನು?"

ಅವನು ಗೋಡೆಗೆ ಒರಗಿ ಕೂತಿದ್ದ. ಪಾದಗಳು ಬಾತು, ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ನಲವತ್ತು ವರ್ಷ ಕಾಲುವೆಯ ತೂಬು ಎತ್ತಿ ಇಳಿಸಿ ಊರಿನ ಗದ್ದೆಗಳಿಗೆ ನೀರು ಹಂಚಿದವನು ಈಗ ತಾನು ಕುಡಿಯುವ ನೀರನ್ನು ಗುಟುಕು ಎಣಿಸಿ ಕುಡಿಯುತ್ತಿದ್ದ. ಎದೆಗೆಂದು ಡಾಕ್ಟರು ಕೊಟ್ಟ ಗುಳಿಗೆ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎಬ್ಬಿಸುತ್ತಿತ್ತು. ಎಲ್ಲರೂ ಓಣಿಯಲ್ಲಿ ಮಂಚ ಹಾಕಿ ಮಲಗುವ ಕಾಲದಲ್ಲಿ ಎದ್ದೆದ್ದು ಹೋಗುವುದು ಅವನಿಗೆ ನಾಚಿಕೆ. ಅದಕ್ಕೇ ಒಳಗೇ ಮಲಗುತ್ತಿದ್ದ, ಅದಕ್ಕೇ ನೀರೂ ಕಡಿಮೆ ಕುಡಿಯುತ್ತಿದ್ದ.

ಆ ಮನೆ ಮೊದಲು ಹೀಗಿರಲಿಲ್ಲ. ಮಣ್ಣಿನ ಮಾಳಿಗೆ, ಮೊಳದಗಲದ ಗೋಡೆ. ಐದಾರು ವರ್ಷದ ಹಿಂದೆ ಒಂದೇ ವಾರದಲ್ಲಿ ವರ್ಷದ ಮಳೆಯೆಲ್ಲ ಸುರಿದಾಗ ಕೇರಿಯ ಮಾಳಿಗೆಗಳು ನೆನೆದ ರೊಟ್ಟಿಯ ಹಾಗೆ ಕುಸಿದವು. ಹೆದರಿದ ಜನ ತಗಡು ಹೊದಿಸಿಕೊಂಡರು. ಮಳೆಗೆ ಅಂಜಿ ಹಾಕಿದ ತಗಡು ಬಿಸಿಲಿಗೆ ರೊಟ್ಟಿ ಹಂಚಾಯಿತು.

ಹಣಮಂತ್ರಾಯನಿಗೆ ನಡೆಯಲಾಗದು. ಅವನ ಮಗ ಜೈಭೀಮ ಓಣಿಯಲ್ಲಿ ಮಲಗಿದ್ದ ಇನ್ನಿಬ್ಬರನ್ನು ಎಬ್ಬಿಸಿದ. ತಂದೆಯನ್ನು ನುಲಿ ಮಂಚದ ಮೇಲೆ ಮಲಗಿಸಿ ಮೂಲೆಗೊಬ್ಬರು ನಿಂತರು. ನಾಲ್ಕನೆಯ ಮೂಲೆಗೆ ಮಲ್ಲೇಶ್ವರಿ ಹೆಗಲು ಕೊಟ್ಟಳು. ಓಣಿಯ ತಿರುವಿನಲ್ಲಿ ಕಟ್ಟೆಯ ಮೇಲೆ ಮಲಗಿದ್ದ ಮಾನಮ್ಮ ಕಣ್ಣು ಬಿಟ್ಟವಳು ನಾಲ್ವರು ಮಂಚ ಹೊತ್ತು ಬರುವುದನ್ನು ಕಂಡು ಎದೆ ಬಡಿದುಕೊಂಡು ಒಂದೇ ಸಮನೆ ರಾಗ ತೆಗೆದಳು.

"ಅಯ್ಯೋ ನನ್ನಪ್ಪಾ ಹಣಮಂತಾ! ನಮ್ಮ ಹೊಲಕ್ಕ ನೀರು ಬಿಟ್ಟಾಂವಾ, ನಮ್ಮನ್ಯಾಕ ಬಿಟ್ಟು ಹೊಂಟ್ಯೋ!"

ಮಂಚದ ಮೇಲಿನಿಂದ ತಲೆ ಎದ್ದಿತು.

"ಇನ್ನೂ ಅದೀನಿ ಮಾನಮ್ಮಾ. ಅಳು ಖರ್ಚು ಮಾಡಬ್ಯಾಡ, ಮುಂದ ಬೇಕಾಗ್ತದ."

ಹೊತ್ತವರೆಲ್ಲ ನಕ್ಕು ಮಂಚ ಅಲುಗಾಡಿತು. ಮಲ್ಲೇಶ್ವರಿಯೂ ನಕ್ಕಳು. ಹಣಮಂತ್ರಾಯ ಒಬ್ಬನೇ ನಗಲಿಲ್ಲವೆಂಬುದು ಅವಳಿಗೆ ಆಮೇಲೆ ನೆನಪಾಯಿತು.

ಮರುದಿನ ನಳದ ಹತ್ತಿರ ಅದೇ ಮಾತು. ಹುಡುಗರು ಮಂಚ ಹೊತ್ತ ಆಟ ಆಡಿದರು. ಹೋಟೆಲಿನಲ್ಲಿ ಯಾರೋ ಜೈಭೀಮನಿಗೆ, "ಏನಲೇ, ನಿಮ್ಮಪ್ಪ ಹೋಗಿ ತಿರುಗಿ ಬಂದಾನಂತ?" ಎಂದು ಕೇಳಿದರು. ಹಣಮಂತ್ರಾಯ ಅಂದು ರೊಟ್ಟಿ ಮುಟ್ಟಲಿಲ್ಲ.

"ನಾಲ್ಕು ಮಂದಿ ಹೊರೂದು ಒಂದ ಸಲ," ಎಂದ ಹೆಂಡತಿಗೆ. "ಆ ಒಂದು ಸಲ ಮುಗೀತು. ಇನ್ನೊಮ್ಮೆ ಹೊತ್ತರ ಅದು ಖರೇನೇ ಆಗ್ತದ. ಹೇಳು ಆಕಿಗೆ."

ಆ ರಾತ್ರಿ ಮತ್ತೆ ಸದ್ದಾಯಿತು. ಮಲ್ಲೇಶ್ವರಿ ಹೋದಾಗ ಸುಂದ್ರಮ್ಮ ಹೊಸ್ತಿಲಲ್ಲಿ ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈ ಊರಿ ನಿಂತಿದ್ದಳು.

"ಇವತ್ತ ಬರಂಗಿಲ್ಲ ಅಂತಾನವ್ವ. ನಾ ಬೀಸ್ತೀನಿ, ಹಸಿ ಅರಿಬಿ ಹಚ್ಚತೀನಿ. ನೀ ಹೋಗು ಮಲ್ಲಿ."

"ಕಾಕಿ, ಹಠ ಮಾಡಬ್ಯಾಡ್ರಿ."

"ಹಠ ನಂದಲ್ಲವ್ವ. ಅವಗ ನಾಚಿಕಿ, ಶರಮ್ ಆಗ್ಯಾದ. ಗಂಡಸಿನ ಶರಮ್ ಮುರದ್ರ ಎಲುಬು ಮುರದಂಗ. ಹೊಳ್ಳಿ ಕೂಡಂಗಿಲ್ಲ."

ಮಲ್ಲೇಶ್ವರಿ ಹೋಗಲಿಲ್ಲ. ಎರಡು ಗಂಟೆಯ ತನಕ ಇಬ್ಬರೂ ಸರದಿಯ ಮೇಲೆ ಬೀಸಿದರು, ಎದೆ ಹಣೆ ಒರೆಸಿದರು. ಪೆಟ್ಟಿಗೆ ಬಾಯಿ ಮುಚ್ಚಲಿಲ್ಲ. ಅದು ಟಿಚ್ ಎಂದಾಗಲೆಲ್ಲ ಹಣಮಂತ್ರಾಯ ಅದರ ತಾಯಿ ತಂದೆಯರನ್ನು ನೆನೆಯುತ್ತಿದ್ದ.

ಮಲ್ಲೇಶ್ವರಿಯ ಅಂಜಿಕೆಗೆ ಕಾರಣವಿತ್ತು. ಶಹಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು, ಸಾಲಿ ನಡೆಯುವ ತಿಂಗಳುಗಳಲ್ಲಿ ಅತಿಥಿ ಶಿಕ್ಷಕಿ. ಕಾಲೇಜಿನ ದಿನಗಳಲ್ಲಿ ಬಸ್ಸು ತಪ್ಪಿದರೆ ಹಣಮಂತ್ರಾಯನೇ ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಶಹಾಪುರದ ತನಕ ತುಳಿದು ಬಿಟ್ಟು ಬರುತ್ತಿದ್ದ. ಹೋದ ವರ್ಷ ದಾಖಲೆಯಲ್ಲೇ ಅತಿ ಬಿಸಿಯ ವರ್ಷವೆಂದು ಅವಳು ಪತ್ರಿಕೆಯಲ್ಲಿ ಓದಿದ್ದಳು. ಹಗಲಿಗಿಂತ ರಾತ್ರಿಗಳು ಜೋರಾಗಿ ಬಿಸಿಯಾಗುತ್ತಿವೆ ಎಂಬುದನ್ನೂ ಓದಿದ್ದಳು. ಸರ್ಕಾರಿ ಕಚೇರಿಗಳು ಬೇಸಿಗೆಗೆಂದು ಬೆಳಗಿನ ಎಂಟಕ್ಕೇ ತೆರೆದು ಮಧ್ಯಾಹ್ನ ಮುಚ್ಚುತ್ತಿದ್ದವು. ರಾತ್ರಿಯನ್ನು ಹಾಗೆ ಬೇಗ ಮುಚ್ಚುವ ಆದೇಶ ಯಾರೂ ಹೊರಡಿಸುವಂತಿರಲಿಲ್ಲ. ಕೆಲಸ ಕೊಡುವಾಗ ಸಂಸ್ಥೆಯ ಶಹಬಾಜ ಹೇಳಿದ್ದ ಮಾತು ಅವಳಿಗೆ ಬಾಯಿಪಾಠವಾಗಿತ್ತು.

"ಹಗಲಿನ ಬಿಸಿಲು ಎಲ್ಲರಿಗೂ ಕಾಣ್ತದ್ರಿ ಮೇಡಂ, ರಾತ್ರಿದು ಕಾಣಂಗಿಲ್ಲ. ಹಗಲೆಲ್ಲ ಉಂಡ ಬಿಸಿನ ಮೈ ರಾತ್ರಿ ಇಳಿಸಬೇಕು. ಮನಿನೇ ತಣೀಲಿಲ್ಲ ಅಂದ್ರ ಎದಿ ದುಡದು ದುಡದು ಸೋಲ್ತದ. ಒಂದು ರಾತ್ರಿ ತಡೀತದ, ಎರಡು ರಾತ್ರಿ ತಡೀತದ. ಮೂರನೇದು ಮಾತ್ರ ನಂಬಬ್ಯಾಡ್ರಿ."

ಅವನು ಇನ್ನೊಂದನ್ನೂ ಹೇಳಿದ್ದ. ಈ ಬೇಸಿಗೆಯ ಅಂಕಿಗಳು ಸರಿಯಾಗಿ ಕೂಡಿಬಂದರೆ ಮುಂದಿನ ಬೇಸಿಗೆಯೊಳಗೆ ಕೇರಿಯ ನಲವತ್ತೆರಡೂ ತಗಡುಗಳಿಗೆ ಬಿಳಿ ಸುಣ್ಣದ ಲೇಪ, ಒಳಗೆ ಬಿದಿರು ತಟ್ಟಿಯ ಅಡ್ಡಮಾಳಿಗೆ. ಅಂಕಿ ಇದ್ದರೆ ನೆರಳು, ಇಲ್ಲವಾದರೆ ಇಲ್ಲ.

ಮರುರಾತ್ರಿ ಹತ್ತೂವರೆಗೆ ಸದ್ದು ಶುರುವಾಗಿ, ಹನ್ನೊಂದು ದಾಟಿದ ಮೇಲೆ ನಿಂತಿತು.

ಹಣಮಂತ್ರಾಯನ ನಾಚಿಕೆ ನೆನೆದು ಅಷ್ಟು ಹೊತ್ತು ತಡೆದಿದ್ದ ಮಲ್ಲೇಶ್ವರಿ ಆಗಷ್ಟೇ ಚಪ್ಪಲಿ ಮೆಟ್ಟಿ ಓಣಿಗೆ ಇಳಿದಿದ್ದಳು. ಸದ್ದು ನಿಂತಿತೆಂದು ತಾನೂ ನಿಂತಳು. ಫೋನಿನಲ್ಲಿ ಒಂಬತ್ತನೆಯ ಮನೆ ಕೆಂಪಿನಿಂದ ಹಳದಿಯಾಗಿ, ಮುಂದಿನ ಹತ್ತು ನಿಮಿಷಕ್ಕೆ ಹಸಿರಾಯಿತು. ಮೂವತ್ತು ಪಾಯಿಂಟ್ ನಾಲ್ಕು. ಉಳಿದ ಮನೆಗಳೆಲ್ಲ ಮೂವತ್ತಾರು, ಮೂವತ್ತೇಳು. ಪೆಟ್ಟಿಗೆಗೆ ಬಾಯಿಯಿದ್ದ ಇನ್ನೆರಡು ಮನೆಗಳು ಕೇರಿಯ ಆಚೆ ತುದಿಯಲ್ಲಿದ್ದವು, ಅಲ್ಲಿನ ರೋಗಿಗಳು ಸಂಜೆಯೇ ಸಾಲಿಗೆ ಹೋಗಿ ಮಲಗುತ್ತಿದ್ದರು. ಇದೊಂದು ಯಾಕೆ ಹೀಗೆ? ಸಂಜೆ ಶಹಾಪುರದ ದಿಕ್ಕಿನಲ್ಲಿ, ಮಲಗಿದ ಬುದ್ಧನ ಗುಡ್ಡದ ಮೇಲೆ ಒಂದು ತುಣುಕು ಮೋಡ ಕಂಡಿತ್ತು. ಸುರಪುರದ ಕಡೆ ನಾಲ್ಕು ಹನಿ ಬಿದ್ದವೆಂದು ಬಸ್ಸಿನಿಂದ ಇಳಿದವರು ಹೇಳಿದ್ದರು. ಗಾಳಿ ಬೀಸಿರಬೇಕು. ಆ ಮನೆಯ ಮಗ್ಗುಲಿಗೆ ಬೇವಿನ ಗಿಡವೂ ಇದೆ. ಬಾಗಿಲ ಹತ್ತಿರ ಕಿವಿಗೊಟ್ಟಳು. ಹಣಮಂತ್ರಾಯನ ಕೆಮ್ಮು, ಸುಂದ್ರಮ್ಮನ ಬಳೆಯ ಸದ್ದು. ತಟ್ಟಿದರೆ ಅವನಿಗೆ ಮತ್ತೆ ನಾಚಿಕೆ, ಅವಳಿಗೆ ಮತ್ತೆ ಬೇಸರ. ತಿರುಗಿ ಹೋದಳು.

ಆ ರಾತ್ರಿ ಹತ್ತು ದಿನಗಳ ಮೇಲೆ ಅವಳಿಗೆ ಒಳ್ಳೆಯ ನಿದ್ದೆ ಬಂತು. ಮುಂದೆ ಅವಳನ್ನು ಹೆಚ್ಚು ಸುಟ್ಟದ್ದು ಆ ನಿದ್ದೆಯೇ.

ಬೆಳಗ್ಗೆ ನಳದ ಹತ್ತಿರ ಕೇಳಿಯೂ ಕೇಳಿದಳು.

"ಕಾಕಿ, ಮನಿ ತಣ್ಣಗಾಗ್ಯಾದಲ್ಲ, ಏನು ಮಾಡಿದ್ರಿ?"

ಸುಂದ್ರಮ್ಮ ಕೊಡ ತಲೆಗೇರಿಸಿಕೊಳ್ಳುತ್ತ ನಕ್ಕಳು. "ಏನಿಲ್ಲವ್ವ. ಹಲ್ಲಿ ಗಪ್ಪ ಆತು. ಪಾಪ, ಅದಕ್ಕೂ ನಿದ್ದಿ ಬ್ಯಾಡೇನು?"

ಪಕ್ಕದಲ್ಲಿದ್ದ ಮಾನಮ್ಮ ಬಿಡಲಿಲ್ಲ. "ನಿನ್ನ ಗಂಡನ ಬೈಗಳ ಕೇಳಿ ಕೇಳಿ ಅದರ ಕಿವಿ ಹೋಗಿರಬೇಕು ಬಿಡು."

ಎಲ್ಲರೂ ನಕ್ಕರು. ಒಳಗೆ ಹೋಗಿ ಗೋಡೆ ನೋಡಬೇಕು ಎಂದು ಮಲ್ಲೇಶ್ವರಿಗೆ ಅನಿಸಿತು. ಅಷ್ಟರಲ್ಲಿ ನೀರು ನಿಲ್ಲುವ ಹೊತ್ತಾಗಿತ್ತು, ಅವಳ ಇನ್ನೊಂದು ಕೊಡ ಬಾಕಿ ಇತ್ತು. ಮನೆಗೆ ಬಂದು ಶಹಬಾಜನಿಗೆ ಬರೆದಳು: 'ಒಂಬತ್ತನೆಯ ಮನೆ ತಂಪಾಗಿದೆ. ಕಾರಣ ನೋಡಬೇಕು.' ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ಎರಡನೆಯ ರಾತ್ರಿಯೂ ಆ ಮನೆಯಿಂದ ಸದ್ದಿಲ್ಲ. ಮೂರನೆಯ ರಾತ್ರಿಯೂ ಇಲ್ಲ. ಹಗಲಿನ ಬಿಸಿಲು ನಲವತ್ತನಾಲ್ಕಕ್ಕೆ ಹೋಗಿತ್ತು. ನಡುರಾತ್ರಿಯಲ್ಲೂ ಗೋಡೆಗೆ ಕೈ ಇಟ್ಟರೆ ಒಲೆಯ ಪಕ್ಕ ಇಟ್ಟಂತಿತ್ತು. ಮಲ್ಲೇಶ್ವರಿ ಎರಡೂ ರಾತ್ರಿ ಎದ್ದು ಫೋನು ನೋಡಿದಳು. ಒಂಬತ್ತು ಹಸಿರಾಗಿತ್ತು. ಆ ಹಸಿರನ್ನು ಅವಳು ದೇವರ ದೀಪ ನೋಡಿದ ಹಾಗೆ ನೋಡಿ ಮಲಗಿದಳು.

ನಾಲ್ಕನೆಯ ದಿನ ನಸುಕಿನಲ್ಲಿ ಅಳು ಕೇಳಿತು. ಮೊದಲು ಸುಂದ್ರಮ್ಮನದು, ಅದರ ಹಿಂದೆಯೇ ಮಾನಮ್ಮನದು. ಉಳಿಸಿಟ್ಟುಕೊಂಡ ಅಳು ಬೇಕಾಗಿತ್ತು.

ಜೈಭೀಮ ತಂದೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಮುಟ್ಟಿ ನೋಡಕ್ಕಾ," ಎಂದ. "ಇನ್ನೂ ಕೆಂಡ ಇದ್ದಂಗ ಅದಾನ. ಹೋದ ಮ್ಯಾಲೂ ಇಷ್ಟು ಬಿಸಿ ಇರ್ತದೇನು ಮೈ?"

ಅವಳು ಮುಟ್ಟಿದಳು. ಬೆವರೇ ಇರಲಿಲ್ಲ. ಒಣ ತಗಡಿನ ಹಾಗಿತ್ತು ಚರ್ಮ. ಆಗ ಅವಳ ಕಣ್ಣು ಗೋಡೆಯ ಗೂಟದ ಕಡೆ ಹೋಯಿತು. ಪೆಟ್ಟಿಗೆ ಅಲ್ಲಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಹೆಂಗಸರು ಒಳನುಗ್ಗಿದರು, ಅವಳನ್ನು ಬದಿಗೆ ಸರಿಸಿದರು. ಸಾವಿನ ಮನೆಯಲ್ಲಿ ಪೆಟ್ಟಿಗೆ ಎಲ್ಲಿ ಎಂದು ಯಾರನ್ನು ಕೇಳುವುದು?

ದಾಖಲೆಗೆಂದು ಬಂದವರು ವಯಸ್ಸು ಕೇಳಿದರು, ಗುಳಿಗೆಯ ಚೀಟಿ ನೋಡಿದರು, ಎದೆರೋಗ ಎಂದು ಬರೆದುಕೊಂಡು ಹೋದರು. ಮಧ್ಯಾಹ್ನದೊಳಗೆ ನಾಲ್ವರು ಹೊತ್ತರು. ಈ ಸಲ ಯಾರೂ ತಲೆ ಎತ್ತಲಿಲ್ಲ.

ಸಂಜೆ ಶಹಬಾಜನ ಫೋನು ಬಂತು. ಬಹಳ ಹೊತ್ತು ದುಃಖದ ಮಾತಾಡಿದ. ಒಳ್ಳೆಯ ಹುಡುಗ, ಮಾತು ಬಾಯಿಂದಷ್ಟೇ ಬಂದದ್ದಲ್ಲ. ಆಮೇಲೆ ತಡವರಿಸಿದ.

"ಮೇಡಂ, ಇದು ಸೆಕಿಯಿಂದ ಆದ ಸಾವು ಅಂತ ಬರಿಯಾಕ ಬರಂಗಿಲ್ರಿ. ರೀಡಿಂಗ್ ಮೂವತ್ತು ಅದ. ಎದಿನೇ ನಿಂತಿರಬೇಕು."

"ಇರಬಹುದು."

"ಇನ್ನೊಂದು ಮಾತು. ಸೋಮವಾರ ನಾನು ಬರ್ತೀನಿ. ಆ ಮನಿ ಮೂವತ್ತಕ್ಕ ಹೆಂಗ ಇಳೀತು ನೋಡಬೇಕು. ಏನೋ ಉಪಾಯ, ಹಿಕ್ಮತ್ ಮಾಡ್ಯಾರ ಅವರು. ಖರೇ ಹೇಳಬೇಕಂದ್ರ ಮ್ಯಾಲಿನವರು ಈಗಾಗಲೇ ಕೇಳಾಕತ್ತಾರ್ರೀ. ಬರೇ ತಗಡಿನ ಮನಿ ತಾನಾಗೇ ಮೂವತ್ತಕ್ಕ ಬರ್ತದಂದ್ರ ನಲವತ್ತೆರಡು ಮನಿಗೆ ಅಡ್ಡಮಾಳಿಗಿ ಯಾಕ ಬೇಕು ಅಂತ."

ಫೋನಿಟ್ಟ ಮೇಲೆ ಮಲ್ಲೇಶ್ವರಿ ಆವರೆಗೆ ತೆರೆಯದ ಪುಟ ತೆರೆದಳು. ರಾತ್ರಿಯ ಪಟ್ಟಿಯಲ್ಲಿ ಬರೀ ಬಣ್ಣ ಕಾಣುತ್ತಿತ್ತು. ಈ ಪುಟದಲ್ಲಿ ಹತ್ತು ಹತ್ತು ನಿಮಿಷದ ಗೆರೆ. ಸದ್ದು ನಿಂತ ಆ ಮೊದಲ ರಾತ್ರಿ ಹನ್ನೊಂದು ಗಂಟೆ ಹತ್ತು ನಿಮಿಷದ ತನಕ ಗೆರೆ ಮೂವತ್ತೇಳರ ಹತ್ತಿರ ನೆಟ್ಟಗೆ ಹೋಗಿ, ಆಮೇಲೆ ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗಿಳಿದಿತ್ತು. ಮನೆ ಹಾಗೆ ತಣಿಯುವುದಿಲ್ಲ. ತೇವಾಂಶದ ಅಂಕಿ ತೊಂಬತ್ತಾರು. ಮೇ ತಿಂಗಳ ಸಗರದಲ್ಲಿ ತೊಂಬತ್ತಾರು! ನಡು ಮಧ್ಯಾಹ್ನದಲ್ಲೂ ಅದೇ ಮೂವತ್ತು, ಅದೇ ತೊಂಬತ್ತಾರು. ಆ ಪೆಟ್ಟಿಗೆ ಮೂರು ದಿನದಿಂದ ಮನೆಯನ್ನು ಅಳೆದೇ ಇರಲಿಲ್ಲ. ಬೇರೆ ಏನನ್ನೋ ಅಳೆಯುತ್ತಿತ್ತು.

ಮೂರನೆಯ ದಿನದ ಕಾರ್ಯ ಮುಗಿದು ನೆಂಟರು ಚದುರಿದ ಮೇಲೆ ಅವಳು ಹೋದಳು. ನಡು ಮಧ್ಯಾಹ್ನ. ಒಳಗೆ ಕಾಲಿಟ್ಟರೆ ಮುಖಕ್ಕೆ ಉಗಿ ಹೊಡೆದಂತಾಯಿತು. ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಬುದ್ಧನ ಪಟ, ಅವುಗಳ ಪಕ್ಕದಲ್ಲಿ ಬರೀ ಗೂಟ. ಸುಂದ್ರಮ್ಮ ಮೂಲೆಯಲ್ಲಿ ಕೂತಿದ್ದಳು. ಏನೂ ಕೇಳದೆ ಕೈ ಎತ್ತಿ ನೀರಿನ ಗಡಿಗೆಯ ಕಡೆ ತೋರಿಸಿದಳು.

ಗಡಿಗೆಯನ್ನು ತಂಪಿಗೆಂದು ಹಸಿ ಉಸುಕಿನ ಗುಡ್ಡೆಯ ಮೇಲೆ ಕೂಡಿಸಿದ್ದರು. ಅದರ ಹಿಂದೆ, ಒಸರುವ ಮೈಗೆ ಒತ್ತಿಕೊಂಡು, ಹಣಮಂತ್ರಾಯನ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಪೆಟ್ಟಿಗೆ. ಬಟ್ಟೆ ಇನ್ನೂ ಹಸಿಯಾಗಿತ್ತು. ಸಾವಿನ ಮನೆಯಲ್ಲೂ ಯಾರೋ ಅದಕ್ಕೆ ನೀರು ಚಿಮುಕಿಸಿದ್ದರು.

"ಅವಗ ಕಣ್ಣು ಹತ್ತವಲ್ದಾಗಿತ್ತು," ಎಂದಳು ಸುಂದ್ರಮ್ಮ. ಅತ್ತು ಅತ್ತು ದನಿ ಒಡೆದಿತ್ತು. "ಇದರ ಬಾಯಿ ಮುಚ್ಚಸು, ಇಲ್ಲಂದ್ರ ಆ ಹುಡುಗಿ ಬರ್ತಾಳ, ಹೊತಗೊಂಡು ಹೋಗ್ತಾರ ಅಂದ. ಕೂಸು ಅತ್ತರ ಏನು ಮಾಡತೀವಿ ಹೇಳು. ಹಸಿ ಅರಿಬ್ಯಾಗ ಸುತ್ತಿ ತಂಪಿನ್ಯಾಗ ಇಟ್ಟೆ. ಗಪ್ಪ ಆತು."

ಮಲ್ಲೇಶ್ವರಿ ಹಸಿ ಬಟ್ಟೆಯ ಮೇಲೆ ಕೈ ಇಟ್ಟಳು.

"ಗಪ್ಪ ಆದ ಮ್ಯಾಲ ನಾನೂ ಸೆಕಿ ಇಳೀತು ಅಂತ ತಿಳಕೊಂಡೆನವ್ವ. ಹಲ್ಲಿಗೆ ಗೊತ್ತಿರ್ತದ, ನಮಗೇನು ಗೊತ್ತು? ಅದು ಸುಮ್ನಾತು ಅಂತ ನಾನೂ ಬೀಸೂದು ಬಿಟ್ಟು ಮಲಕೊಂಡೆ. ಮೂರು ರಾತ್ರಿ." ಅವಳು ಮಲ್ಲೇಶ್ವರಿಯ ಕೈ ಹಿಡಿದಳು. "ನೀ ಓದಿದಾಕಿ. ಹೇಳು. ಅದು ಸುಮ್ನಿತ್ತಂದ್ರ ಸೆಕಿ ಇರಲಿಲ್ಲ, ಹೌದಿಲ್ಲೋ? ಅವನ ಎದಿನೇ ನಿಂತದ್ದು, ಹೌದಿಲ್ಲೋ?"

ಮಾತನ್ನು ತೂಗಿ ಆಡುವವಳೆಂದು ಮಲ್ಲೇಶ್ವರಿಗೆ ಕೇರಿಯಲ್ಲಿ ಹೆಸರಿತ್ತು. ಈಗ ತೂಗಲು ತಕ್ಕಡಿಯ ಎರಡೂ ಕಡೆ ಕಲ್ಲೇ ಇದ್ದವು. ಪೆಟ್ಟಿಗೆ ತಾನಿದ್ದ ಜಾಗದ ಬಿಸಿ ಮಾತ್ರ ಅಳೆಯುತ್ತದೆ ಎಂಬ ಒಂದು ಮಾತನ್ನು ಅವಳು ಯಾವ ಮನೆಯಲ್ಲೂ ಬಿಡಿಸಿ ಹೇಳಿರಲಿಲ್ಲ. ಇಷ್ಟು ತಿಳಿಯದೆ ಇರುತ್ತದೆಯೇ ಎಂದುಕೊಂಡಿದ್ದಳು. ತಿಳಿದ ತಾನೇ ಹಸಿರು ದೀಪ ನಂಬಿ ಮಲಗಲಿಲ್ಲವೇ?

"ಹೌದು ಕಾಕಿ," ಎಂದಳು. "ಎದಿ ನಿಂತದ್ದು."

ಸುಂದ್ರಮ್ಮ ಉಸಿರುಬಿಟ್ಟಳು. ಮೂರು ದಿನದಿಂದ ಒಳಗೇ ಹಿಡಿದಿಟ್ಟ ಉಸಿರಿನ ಹಾಗಿತ್ತು ಅದು.

"ಹಂಗಾದ್ರ ಅದನ್ನ ತಿರುಗಿ ಗೂಟಕ್ಕ ಹಾಕವ್ವ. ಆ ಗೂಟ ಅವನೇ ಬಡದದ್ದು. ಮನಿ ಬಿಕೋ ಅನ್ನಾಕತ್ತದ. ಅದರ ಸದ್ದರ ಇರಲಿ."

ಮಲ್ಲೇಶ್ವರಿಯ ಕೈ ಪೆಟ್ಟಿಗೆಯ ಮೇಲೆಯೇ ನಿಂತಿತು. ಗೂಟಕ್ಕೆ ಹಾಕಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಒಣಗಿದ ಕೂಡಲೇ ಕೂಗುತ್ತದೆ. ಈ ಹಗಲೆಲ್ಲ ಕೂಗುತ್ತದೆ, ಈ ರಾತ್ರಿಯೂ ಕೂಗುತ್ತದೆ. ಸುಂದ್ರಮ್ಮ ಓದಿದವಳಲ್ಲ, ಆದರೆ ದಡ್ಡಿಯಲ್ಲ. ಗಡಿಗೆಯ ಹಿಂದೆ ಸುಮ್ಮನಿದ್ದದ್ದು ಗೂಟದಲ್ಲಿ ಯಾಕೆ ಕೂಗುತ್ತದೆ ಎಂದು ಅವಳು ಒಂದೇ ರಾತ್ರಿಯಲ್ಲಿ ತಿಳಿಯುತ್ತಾಳೆ. ಆಮೇಲೆ ಆ ಮನೆಯಲ್ಲಿ ಅವಳು ಒಬ್ಬಳೇ ಆ ತಿಳಿವಳಿಕೆಯೊಂದಿಗೆ ಬದುಕಬೇಕು.

"ಇದು ಕೆಟ್ಟದ ಕಾಕಿ," ಎಂದಳು. "ಯಾದಗಿರಿಗೆ ಕಳಸಬೇಕು."

"ಕೆಟ್ಟದಾ? ನಾ ನೀರು ಹಚ್ಚಿದ್ದಕ್ಕಾ?"

"ಅಲ್ಲ. ಮೊದಲೇ ಕೆಟ್ಟಿತ್ತು. ನಾನು ಒರಸುವಾಗ ಒಳಗ ನೀರು ಹೋಗಿತ್ತು. ನಿಮ್ಮದೇನಿಲ್ಲ ಇದರಾಗ."

ಹಸಿ ಬಟ್ಟೆಯನ್ನು ಬಿಚ್ಚಿ ಉಸುಕಿನ ಮೇಲಿಟ್ಟು, ಪೆಟ್ಟಿಗೆಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು. ಓಣಿಯ ಬಿಸಿಲು ಕಣ್ಣು ಕುಕ್ಕಿತು. ಹೊರಗೆ ಬೇವಿನ ಗಿಡದ ಚೂರು ನೆರಳಲ್ಲಿ ಕೂತಿದ್ದ ಜೈಭೀಮ ಎದ್ದು ಬಂದು ಅಡ್ಡ ನಿಂತ. ಕಣ್ಣು ಕೆಂಪಗಿದ್ದವು.

"ಅಕ್ಕಾ, ಒಂದು ಕೇಳಲಾ? ಮೂರು ರಾತ್ರಿ ನಾನು ಅಲ್ಲೇ ಹೊರಗ ಬಿದ್ದಿದ್ದೆ. ಮನಿ ತಣ್ಣಗದ ಅಂತ ನೀನೂ ಅಂದಿ, ಅವ್ವನೂ ಅಂದಳು. ಒಳಗ ಹೋಗಿ ಮುಟ್ಟಿ ನೋಡಲಿಲ್ಲ ನಾನು. ನನ್ನದೇ ತಪ್ಪೇನು?"

ಅವನು ಕೂಡ ಅದನ್ನೇ ಹೊತ್ತು ತಿರುಗುತ್ತಿದ್ದ. ಒಂದೇ ಸಾವಿಗೆ ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆ ಮೂಲೆಯಲ್ಲಿ ಕೂತು ಹೆಗಲು ಕೊಟ್ಟಿದ್ದರು.

ಅವನು ಆ ಮೂರು ರಾತ್ರಿಗಳನ್ನು ಗಂಟೆ ಗಂಟೆಯಾಗಿ ಹೇಳಿಕೊಂಡ, ಅವಳು ಚೀಲ ಹಿಡಿದು ಬಿಸಿಲಲ್ಲೇ ನಿಂತು ಕೇಳಿದಳು. ಬಿಸಿಲು ನೆತ್ತಿ ಸುಡುತ್ತಿತ್ತು.

"ಯಾರದೂ ತಪ್ಪಿಲ್ಲಪ," ಎಂದಳು ಮಲ್ಲೇಶ್ವರಿ ಕೊನೆಗೆ.

ಚೀಲದೊಳಗಿಂದ ಸದ್ದಾಯಿತು. ಟಿಚ್, ಟಿಚ್, ಟಿಚ್.

ಇಬ್ಬರೂ ಚೀಲದ ಕಡೆ ನೋಡಿದರು. ಜೈಭೀಮನ ತುಟಿ ಒಂದು ಕಡೆ ಸೊಟ್ಟಗಾಯಿತು. ನಗುವೋ ಅಳುವೋ ತಿಳಿಯಲಿಲ್ಲ.

"ಖರೇ ಅಂತದ ನೋಡು ಹಲ್ಲಿ," ಎಂದ.

"ಕೆಟ್ಟು ಹೋಗ್ಯಾದ ಇದು," ಎಂದಳು ಮಲ್ಲೇಶ್ವರಿ, ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು. "ಸುಮ್ನ ಸುಮ್ನ ಒದರ್ತದ."

ಟಿಚ್, ಟಿಚ್, ಟಿಚ್.

ಸುಂದ್ರಮ್ಮನ ಬಾಗಿಲು ತೆರೆದೇ ಇತ್ತು. ಮಲ್ಲೇಶ್ವರಿ ಓಡಲಿಲ್ಲ. ಓಡಿದರೆ ಕೇರಿ ನೋಡುತ್ತದೆ. ದೊಡ್ಡ ಹೆಜ್ಜೆ ಹಾಕಿ ಮನೆ ಸೇರಿ, ಪೆಟ್ಟಿಗೆಯನ್ನು ನೀರಿನ ಬಿಂದಿಗೆಯೊಳಗೆ ಮುಳುಗಿಸಿದಳು. ಎರಡು ಗುಳ್ಳೆ ಎದ್ದವು. ಸದ್ದು ನಿಂತಿತು. ಸುಂದ್ರಮ್ಮ ಅದನ್ನು ಮಗುವೆಂದು ಸುಮ್ಮನಾಗಿಸಿದ್ದಳು. ತಾನು ಅದರ ಕತ್ತು ಹಿಸುಕಿದೆನೆಂದು ಅವಳಿಗೆ ಗೊತ್ತಿತ್ತು.

ಆಮೇಲೆ ಫೋನು ತೆಗೆದು ಶಹಬಾಜನಿಗೆ ಬರೆದಳು. 'ಒಂಬತ್ತನೆಯ ಮನೆಯ ಯಂತ್ರ ನೀರು ಹೊಕ್ಕು ಕೆಟ್ಟಿತ್ತು. ಒರೆಸುವಾಗ ನನ್ನಿಂದಲೇ ಆದದ್ದು. ಕಳೆದ ಆರು ದಿನದ ಅಂಕಿಗಳನ್ನು ತೆಗೆದುಹಾಕಿ. ಸೋಮವಾರ ಆ ಮನೆಗೆ ಬರುವ ಅಗತ್ಯವಿಲ್ಲ. ಉಳಿದ ಹದಿಮೂರು ಮನೆಗಳ ಅಂಕಿ ಸರಿಯಾಗಿವೆ. ನಾನೇ ಮನೆ ಮನೆಗೆ ಹೋಗಿ ಗೂಟ ನೋಡಿ ಬರುತ್ತೇನೆ.'

ಕಳಿಸುವ ಮೊದಲು ಎರಡು ಸಲ ಓದಿದಳು. ಈ ಸುಳ್ಳಿನಿಂದ ಆ ಮೂವತ್ತರ ಸುಳ್ಳು ಅಳಿಯುತ್ತದೆ. ಬಿದಿರು ತಟ್ಟಿಯ ಆಸೆ ಉಳಿಯಬಹುದು. ಅವಳ ಕೆಲಸ ಉಳಿಯಲಿಕ್ಕಿಲ್ಲ. ಹಣಮಂತ್ರಾಯ ಮಾತ್ರ ಬಿಸಿಲಿಗೆ ಸತ್ತವರ ಪಟ್ಟಿಗೂ ಬರುವುದಿಲ್ಲ, ಬಿಸಿಲಿಗೆ ತಡೆದವರ ಪಟ್ಟಿಗೂ ಬರುವುದಿಲ್ಲ. ಕಾಗದದಲ್ಲಿ ಅವನು ಎದೆರೋಗಿ, ಅಷ್ಟೇ.

ಕಳಿಸಿದಳು.

ನೀರು ಕುಡಿಯಲು ಬಂದ ತಾಯಿ ಬಿಂದಿಗೆಯಲ್ಲಿ ಇಣುಕಿ, "ಇದ್ಯಾಕಬೇ ಇದರಾಗ?" ಎಂದಳು.

"ಕೆಟ್ಟದವ್ವ," ಎಂದಳು ಮಲ್ಲೇಶ್ವರಿ.

ತಾಯಿ ಲೋಟ ಕೈಯಲ್ಲಿ ಹಿಡಿದೇ ಅವಳ ಕಡೆ ತಿರುಗಿದಳು. ಅವಳಿಗಾದರೂ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದ ಮಾತನ್ನು ಮಲ್ಲೇಶ್ವರಿ ಹಲ್ಲಿನ ಹಿಂದೆ ತಡೆದಳು. ತಾಯಿಗೆ ಹೇಳಿದ್ದು ನಳಕ್ಕೆ ಹೋಗುತ್ತದೆ, ನಳದಿಂದ ಎದುರು ಮನೆಗೆ ಹೋಗಲು ಹತ್ತು ಹೆಜ್ಜೆ. ಇಲ್ಲ. ಶಹಬಾಜನಿಗೂ ಇಲ್ಲ, ಜೈಭೀಮನಿಗೂ ಇಲ್ಲ, ಇವಳಿಗೂ ಇಲ್ಲ. ಪೆಟ್ಟಿಗೆ ಆ ಮೂರು ರಾತ್ರಿ ಎಲ್ಲಿತ್ತು ಎಂಬುದನ್ನು ತಾನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ನಿಶ್ಚಯಿಸಿ, ಅವಳು ಬಿಂದಿಗೆಯ ಮೇಲೆ ತಟ್ಟೆ ಮುಚ್ಚಿದಳು.